ದನಿ ಇಲ್ಲದ ತಾಳಮದ್ದಳೆ

ಅಪ್ಪ ತೀರಿಕೊಂಡ ವರ್ಷಾಂತದ ಕಾರ್ಯ ನಿನ್ನೆ ಮುಗಿಯಿತು. ಬಂದವರಿಗೆ, ಫೋನ್ ಮಾಡಿದವರಿಗೆ, ಬಾಳೆಎಲೆ ತಂದುಕೊಟ್ಟವರಿಗೆ ಎಲ್ಲರಿಗೂ ಧನ್ಯವಾದ. ಅಪ್ಪನ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತ ಕೂತೆ. ಆಗುತ್ತಿಲ್ಲ. ತಲೆ ತುಂಬ ಟೀವಿಯೇ ಇದೆ. ಅದರ ಮೇಲಿನ ಸಿಟ್ಟು ಇಳಿಯದೆ ಬೇರೆ ಏನೂ ಬರೆಯಲು ಬರುವುದಿಲ್ಲ. ಹಾಗಾಗಿ ಇದು ಟೀವಿಗೆ ಬೈಯುವ ಪೋಸ್ಟ್. ಉದ್ದ ಇದೆ, ಕೆಲಸ ಇರುವವರು ದಾಟಿಕೊಂಡು ಹೋಗಿ.

ಊಟ ಆಗಿತ್ತು. ಚಾವಡಿಯಲ್ಲಿ ಎಲೆಯಡಕೆಯ ಹರಿವಾಣ ಎರಡು ಸುತ್ತು ಬಂದಿತ್ತು. ಬಾಯಾರಿನಿಂದ ಬಂದಿದ್ದ ದೊಡ್ಡತ್ತೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. 'ಒಂದರಿ ತಮ್ಮನ ದನಿ ಕೇಳೆಕ್ಕು ಮಗಾ' ಅಂದರು. ಅವರಿಗೀಗ 84. ಅಪ್ಪನನ್ನು ಸೊಂಟದಲ್ಲಿ ಎತ್ತಿಕೊಂಡು ತಿರುಗಿದವರು. ಕಣ್ಣು ಮಂಜು, ಕಿವಿ ಪರವಾಗಿಲ್ಲ. ಅಪ್ಪನ ತಾಳಮದ್ದಳೆಯ (ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ) ವಿಡಿಯೋ ಒಂದು ನನ್ನ ಹತ್ತಿರ ಇದೆ ಅಂತ ಅವರ ಕಿವಿಗೆ ಯಾರೋ ಹಾಕಿದ್ದರು.

ಇರುವುದು ನಿಜ. 2009ರಲ್ಲಿ ನಮ್ಮ ದೇವಸ್ಥಾನದ ಉತ್ಸವದ ಮರುದಿನ ನಡೆದ ಕೂಟ. ಅಪ್ಪನದು ಕರ್ಣನ ಅರ್ಥ, ಅಂದರೆ ಕರ್ಣನಾಗಿ ಮಾತಾಡುವುದು. ಅಪ್ಪ ದೊಡ್ಡ ಅರ್ಥಧಾರಿ ಏನಲ್ಲ, ತೋಟದ ಕೆಲಸ ಮುಗಿಸಿ ಕೂಟಕ್ಕೆ ಹೋಗುವ ಹವ್ಯಾಸಿ. ಕುಂಬಳೆ ಸೀಮೆಯಲ್ಲಿ ಹುಟ್ಟಿದವರಿಗೆ ಈ ಹುಚ್ಚು ಇರದಿದ್ದರೆ ಯಕ್ಷಗಾನದ ಹಳೇ ಕವಿ, ಕುಂಬಳೆಯ ಪಾರ್ತಿಸುಬ್ಬ ಮೇಲಿನಿಂದ ಬೈದಾನು. ಪೇಟೆಯ ಸ್ಟುಡಿಯೋದ ಹುಡುಗ ಬೆಂಕಿಪೊಟ್ಟಣದಷ್ಟು ಪುಟ್ಟ ಟೇಪು ಹಾಕುವ ಕ್ಯಾಮರಾದಲ್ಲಿ ಅದನ್ನು ಹಿಡಿದಿದ್ದ. ಪೂರ್ತಿ ಕೂಟ ಇಲ್ಲ, ಒಂದು ಟೇಪಿನಲ್ಲಿ ಹಿಡಿದಷ್ಟು. ಒಂದು ಗಂಟೆ.

ನಮ್ಮ ಗೋಡೆಯಲ್ಲಿ 43 ಇಂಚಿನ ಹೊಸ ಟೀವಿ ಇದೆ. ಅದು ಬಂದ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಯುಎಸ್‌ಬಿ ಅಂತ ಅಚ್ಚು ಹಾಕಿದ್ದಾರೆ. ಪೆನ್‌ಡ್ರೈವ್ ಚುಚ್ಚಿದೆ. ಹತ್ತಿಪ್ಪತ್ತು ಜನ ಟೀವಿಯತ್ತ ತಿರುಗಿ ಕೂತರು. ಅಮ್ಮ ಸೆರಗಿಗೆ ಕೈ ಒರೆಸುತ್ತಾ ಅಡಿಗೆಮನೆಯಿಂದ ಬಂದರು. ರಿಮೋಟಿನಲ್ಲಿ ಸಿನಿಮಾ ಮಾರುವ ಕಂಪನಿಗಳಿಗೆ ಒಂದೊಂದು ಗುಂಡಿ ಇದೆ. ಪೆನ್‌ಡ್ರೈವಿಗೆ ಇಲ್ಲ. ಮೂರು ಮೆನು ಒಳಗೆ ಹೊಕ್ಕು ಹುಡುಕಿದೆ. ಸಿಕ್ಕಿತು. ಒಳಗೆ ಎರಡು ಫೈಲು. ಹೆಸರು ಕನ್ನಡದಲ್ಲಿ ಕೊಟ್ಟಿದ್ದೆ, ಬಂದದ್ದು ಸಾಲಾಗಿ ಖಾಲಿ ಚೌಕಗಳು. ಎರಡಕ್ಕೂ ಅದೇ ಚೌಕ. (ಕಾಸರಗೋಡಿನವರಿಗೆ ಕನ್ನಡ ಇರಬೇಕಾದ ಜಾಗದಲ್ಲಿ ಖಾಲಿ ಕಾಣುವುದು ಹೊಸತಲ್ಲ ಬಿಡಿ.) ಮೊದಲನೆಯದನ್ನು ಒತ್ತಿದೆ.

'ಅನ್‌ಸಪೋರ್ಟೆಡ್ ಫೈಲ್.'

ಅಷ್ಟೇ. ಎರಡು ಪದ, ಮೂರು ಸೆಕೆಂಡು, ಆಮೇಲೆ ಅದೂ ಮಾಯ. ಯಾಕೆ? ಏನು ಆಗುವುದಿಲ್ಲ? ಚಿತ್ರವಾ, ದನಿಯಾ, ಫೈಲಿನ ಗಾತ್ರವಾ, ನನ್ನ ಮುಖವಾ? ಹೇಳುವುದಿಲ್ಲ. ಎರಡನೇ ಚೌಕ ಒತ್ತಿದೆ. ಬಂತು! ಅಪ್ಪ ಬಂದರು. ಬಿಳಿ ಪಂಚೆ, ಶಾಲು, ಎದುರು ಮೈಕು. ಕೈ ಎತ್ತಿದರು, ಬಾಯಿ ತೆರೆದರು. ದನಿ ಇಲ್ಲ. ವಾಲ್ಯೂಮ್ ಏರಿಸಿದೆ, 100ಕ್ಕೆ ಹೋಯಿತು. ದನಿ ಇಲ್ಲ.

ಸ್ವಲ್ಪ ಯೋಚಿಸಿ. ಮದುವೆ ವಿಡಿಯೋಕ್ಕೆ ದನಿ ಇಲ್ಲದಿದ್ದರೆ ನಡೆಯುತ್ತದೆ, ಒಳ್ಳೆಯದೇ ಆಯಿತು ಅನ್ನಲೂಬಹುದು. ಬಯಲಾಟವಾದರೆ ವೇಷ ಇದೆ, ಕುಣಿತ ಇದೆ. ತಾಳಮದ್ದಳೆಯಲ್ಲಿ ಏನಿದೆ? ವೇಷ ಇಲ್ಲ, ಕುಣಿತ ಇಲ್ಲ, ಇರುವುದು ಹಾಡು, ಮದ್ದಳೆ, ಮಾತು ಅಷ್ಟೇ. ದನಿ ತೆಗೆದರೆ ಆರೇಳು ಗಂಡಸರು ಜಮಖಾನದ ಮೇಲೆ ಕೂತು ಒಬ್ಬರಿಗೊಬ್ಬರು ಕೈ ಆಡಿಸುವುದು ಉಳಿಯುತ್ತದೆ. ಹಿಂದಿನಿಂದ ಯಾವುದೋ ಮಗು ನಕ್ಕಿತು. 'ಇದಕ್ಕೆ ದನಿ ಇಲ್ಲೆಯಾ?' ಅಂತ ದೊಡ್ಡತ್ತೆ ಕೇಳಿದರು. ನನಗೆ ಆ ರಿಮೋಟನ್ನು ಅಡಕೆ ಅಂಗಳಕ್ಕೆ ಎಸೆಯಬೇಕು ಅನ್ನಿಸಿತು.

ಇವತ್ತು ಬೆಳಿಗ್ಗೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಮಲಯಾಳಕ್ಕೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು, ಹಿಂದಿಗೆ ಮೂರು. ನಮ್ಮ ಪಿನ್ ಕೋಡಿಗೆ ಕನ್ನಡ ಇಲ್ಲ. ಒಂದು ಒತ್ತಿದೆ. ಆಚೆಯವರು ಮರ್ಯಾದೆಯಿಂದಲೇ ಮಾತಾಡಿದರು. ಫೈಲು ಹಾಳಾಗಿರಬೇಕು ಅಂದರು. ಇಲ್ಲ, ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಬರುತ್ತದೆ ಅಂದೆ. ಹಾಗಾದರೆ ಯೂಟ್ಯೂಬಿಗೆ ಹಾಕಿ, ಟೀವಿಯಲ್ಲಿ ನೋಡಿ ಸಾರ್ ಅಂದರು. ಎಂಥ ಉಪಾಯ! ಪೆನ್‌ಡ್ರೈವ್ ಟೀವಿಯಿಂದ ನಾಲ್ಕು ಇಂಚು ದೂರ ಇದೆ. ಅದರಲ್ಲಿರುವುದನ್ನು ಸಮುದ್ರ ದಾಟಿಸಿ ಅಮೆರಿಕದ ಕಂಪನಿಗೆ ಕೊಟ್ಟು, ಅವರಿಂದ ವಾಪಸು ತರಿಸಿ, ಅದೇ ಟೀವಿಯಲ್ಲಿ ನೋಡಬೇಕು. ನಡುವೆ ಸೋಪಿನ ಜಾಹೀರಾತು ಬೇರೆ. ಅದೂ ನಮ್ಮ ಊರಿನ ಇಂಟರ್ನೆಟ್ಟಿನಲ್ಲಿ. ಒಂದು ತೆಂಗಿನ ಮಡಲು ಬಿದ್ದರೆ ಅದರ ಜೊತೆ ಕೇಬಲ್ಲೂ ಬೀಳುತ್ತದೆ. ಆಮೇಲೆ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಬೇಕಾದರೂ ಹಟ್ಟಿಯ ಹಿಂದಿನ ಗುಡ್ಡೆ ಹತ್ತಬೇಕು.

ಅಷ್ಟಕ್ಕೂ ಆದದ್ದೇನು ಅಂತ ನಿನ್ನೆ ರಾತ್ರಿಯೇ ನಾನು ಕೂತು ಬಿಡಿಸಿ ನೋಡಿದೆ. ನಮ್ಮಲ್ಲಿ ಹೆಚ್ಚಿನವರು ತಿಳಿದಿರುವುದು ಎಂಪಿಫೋರ್, ಎವಿಐ, ಎಂಕೆವಿ ಅಂದರೆ ವಿಡಿಯೋದ ಜಾತಿ ಅಂತ. ಅಲ್ಲ. ಅವು ಭರಣಿಗಳು. ಮೂರೂ ಭರಣಿ ಹೊರಗಿನಿಂದ ಬೇರೆ ಬೇರೆ. ಒಳಗಿರುವುದು ಮಾವಿನ ಮಿಡಿಯಾ, ಅಂಬಟೆಯಾ ಅನ್ನುವುದು ಬೇರೆಯೇ ಮಾತು. ಒಳಗಿನ ಉಪ್ಪಿನಕಾಯಿಗೆ ಕೋಡೆಕ್ ಅನ್ನುತ್ತಾರೆ. ಚಿತ್ರಕ್ಕೆ ಒಂದು, ದನಿಗೆ ಒಂದು. ಸ್ಟುಡಿಯೋ ಹುಡುಗನ ಟೇಪಿನಿಂದ ಇಳಿಸಿದ್ದು ಎವಿಐ ಭರಣಿ, ಒಳಗೆ ಡಿವಿ ಅನ್ನುವ 90ರ ದಶಕದ ಚಿತ್ರ. ಒಂದು ಗಂಟೆಗೆ ಸುಮಾರು 13 ಜಿಬಿ. ಟೀವಿಯ ಚಿಪ್ಪಿಗೆ ಅದು ಗೊತ್ತಿಲ್ಲ. ಎರಡನೆಯದು ಬೆಂಗಳೂರಿನ ಅಳಿಯ ಮಾಡಿಕೊಟ್ಟ ಎಂಕೆವಿ. ಚಿತ್ರವನ್ನು ಅವನು ಎಚ್.264ಕ್ಕೆ ಕುಗ್ಗಿಸಿದ್ದ. 2003ರಿಂದ ಇರುವ ಕೋಡೆಕ್, ಎಲ್ಲ ಟೀವಿಗೂ ಗೊತ್ತು. ದನಿಯನ್ನು ಮಾತ್ರ, 'ಅಜ್ಜನ ದನಿ ಹಾಳಾಗುವುದು ಬೇಡ ಮಾವಾ' ಅಂತ, ಕುಗ್ಗಿಸದೆ ಪಿಸಿಎಂ ಆಗಿ ಹಾಗೇ ಬಿಟ್ಟಿದ್ದ. ಪ್ರೀತಿಯಿಂದ ಬಿಟ್ಟದ್ದೇ ಕುತ್ತಾಯಿತು. ತಮಾಷೆ ಏನು ಗೊತ್ತಾ? ಪಿಸಿಎಂ ಅಂದರೆ ಕಟ್ಟದೇ ಇರುವ ಗಂಟು. ಬಿಚ್ಚುವ ಕೆಲಸವೇ ಇಲ್ಲ. ಆಡಿಯೋ ಸಿಡಿಯಲ್ಲಿ ಇರುವುದೂ ಅದೇ. ಈ ಟೀವಿ ಪರೀಕ್ಷೆಯಲ್ಲಿ ಅತೀ ಸುಲಭದ ಪ್ರಶ್ನೆಗೆ ಫೇಲಾಗಿದೆ.

ಈಗ ಕೆಲವರು ಬರುತ್ತೀರಿ, ನನಗೆ ಗೊತ್ತು. ಅದರಲ್ಲೂ ಐಟಿಯಲ್ಲಿರುವ ಬಾಲ್ಯಮಿತ್ರರು. ಹಲವು ಕೋಡೆಕ್ಕುಗಳಿಗೆ ಪೇಟೆಂಟ್ ಇರುತ್ತದೆ, ಲೈಸೆನ್ಸಿಗೆ ದುಡ್ಡು ಕೊಡಬೇಕು, ಟೀವಿಯ ಚಿಪ್ಪು ಚಿಕ್ಕದು, ಲೋಕದಲ್ಲಿರುವ ಎಲ್ಲವನ್ನೂ ಅದರೊಳಗೆ ತುಂಬಿಸಲು ಆಗುತ್ತದಾ ಅಂತ. ಒಪ್ಪಿದೆ. ಸತ್ಯವೇ. ಆದರೆ ನಾನು ಕೇಳಿದ್ದು ಅದಲ್ಲವಲ್ಲ ಮಾರಾಯರೇ! ಆಗುವುದಿಲ್ಲ ಅನ್ನಲಿ. ಏನು ಆಗುವುದಿಲ್ಲ ಅಂತ ಹೇಳಲಿ. 'ಈ ಫೈಲಿನ ದನಿ ಪಿಸಿಎಂ, ನನಗೆ ಎಎಸಿ ಅನ್ನುವ ಕುಗ್ಗಿಸಿದ ದನಿ ಬೇಕು' ಅಂತ ಒಂದು ಸಾಲು ಬರೆಯಲು ಯಾವ ಪೇಟೆಂಟ್ ಅಡ್ಡ ಬರುತ್ತದೆ? ಅದಕ್ಕೆ ಗೊತ್ತಿರುತ್ತದೆ. ಒಳಗೆ ಇಣುಕಿ ನೋಡಿಯೇ ಬೇಡ ಅಂದಿರುತ್ತದೆ. ನಮಗೆ ಹೇಳುವುದಿಲ್ಲ, ಅಷ್ಟೇ. ಒಂದು ಕಚೇರಿಯಲ್ಲಿ ನನ್ನ ಕನ್ನಡ ಅರ್ಜಿ ಮೂರು ಸಲ ವಾಪಸು ಬಂದಿತ್ತು, ಕಾರಣದ ಕಾಲಮ್ಮಿನಲ್ಲಿ ಒಂದು ಗೆರೆ ಎಳೆದು. ಈ ಟೀವಿ ಅಲ್ಲಿಯೇ ತರಬೇತಿ ಪಡೆದಿರಬೇಕು.

ಮತ್ತೆ, ದುಡ್ಡಿನ ಮಾತು ಎತ್ತಬೇಡಿ. ವಿಎಲ್‌ಸಿ ಅಂತ ಒಂದು ಪ್ಲೇಯರ್ ಇದೆಯಲ್ಲ, ಟ್ರಾಫಿಕ್ ಕೋನಿನ ಗುರುತಿನದ್ದು. ಪ್ಯಾರಿಸ್ ಹತ್ತಿರದ ಒಂದು ಇಂಜಿನಿಯರಿಂಗ್ ಕಾಲೇಜಿನ ಹುಡುಗರು 1996ರಲ್ಲಿ ಶುರು ಮಾಡಿದ ಕೆಲಸ. ಹಾಸ್ಟೆಲಿನ ನೆಟ್‌ವರ್ಕಿನಲ್ಲಿ ಟೀವಿ ನೋಡಬೇಕಿತ್ತಂತೆ ಅವರಿಗೆ. 2001ರಿಂದ ಅದರ ಕೋಡ್ ಎಲ್ಲರಿಗೂ ಮುಕ್ತ. ಪುಕ್ಕಟೆ. ಇವತ್ತಿಗೂ ಯಾವ ಕಾಲದ ಫೈಲು ಕೊಟ್ಟರೂ ಕಣ್ಣು ಮುಚ್ಚಿ ಓಡಿಸುತ್ತದೆ. ಓಡಿಸಲು ಆಗದಿದ್ದರೂ ಒಳಗೆ ಯಾವ ಕೋಡೆಕ್ ಇದೆ ಅಂತ ಕೇಳಿದರೆ ಹೇಳುತ್ತದೆ. ಹುಡುಗರು ಶುರು ಮಾಡಿದ ಪುಕ್ಕಟೆ ಸಾಮಾನಿಗೆ ಬಾಯಿ ಇದೆ, 30 ಸಾವಿರದ ಟೀವಿಗೆ ಇಲ್ಲ.

ಇಷ್ಟು ಬೈದ ಮೇಲೆ ಒಂದು ಮಾತು ಹೇಳದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಈ ವಿಡಿಯೋ ನನ್ನ ಕೈಗೆ ಬಂದು ಐದು ವರ್ಷ ಆಯಿತು. ಅಪ್ಪ ಒಮ್ಮೆ ಕೇಳಿದ್ದರು, 'ಅದರ ಟೀವಿಗೆ ಹಾಕುಲೆ ಆವ್ತಾ?' ಅಂತ. ಆಗ ಹಳೇ ಟೀವಿ. ನಾನು ಪೆನ್‌ಡ್ರೈವಿಗೆ ಕಾಪಿ ಮಾಡಲು ನೋಡಿದೆ. 32 ಜಿಬಿಯ ಖಾಲಿ ಪೆನ್‌ಡ್ರೈವ್, 13 ಜಿಬಿಯ ಫೈಲು, ಹಿಡಿಸುವುದಿಲ್ಲ ಅಂದಿತು. ಕಾರಣ ನನಗೆ ಗೊತ್ತಿತ್ತು. ಪೆನ್‌ಡ್ರೈವ್ ಫ್ಯಾಟ್32ರಲ್ಲಿತ್ತು. ಅದು ಫೈಲುಗಳನ್ನು ಜೋಡಿಸಿಡುವ 1996ರ ವ್ಯವಸ್ಥೆ. ಎಷ್ಟೇ ಜಾಗ ಖಾಲಿ ಇದ್ದರೂ 4 ಜಿಬಿಗಿಂತ ದೊಡ್ಡ ಫೈಲು ಒಂದೇ ತುಂಡಾಗಿ ಅದರಲ್ಲಿ ಕೂರುವುದಿಲ್ಲ. ಕುಗ್ಗಿಸಿ ಹಾಕಬಹುದಿತ್ತು. ಸಂಜೆ ಕುಗ್ಗಿಸಲು ಬಿಟ್ಟರೆ ಬೆಳಗ್ಗೆ ತಯಾರಾಗುತ್ತಿತ್ತು. ಆದರೆ ಅವತ್ತು ನನಗೆ ಯಾವುದೋ ಅವಸರ. ಯಾವುದು ಅಂತ ಈಗ ನೆನಪೂ ಇಲ್ಲ. 'ಸಪೋರ್ಟ್ ಇಲ್ಲ ಅಪ್ಪಾ' ಅಂದೆ. 'ಹಾಂಗಾ' ಅಂದರು. ಚಪ್ಪಲಿ ಹಾಕಿಕೊಂಡು ತೋಟಕ್ಕೆ ನೀರು ಬಿಡಲು ಹೋದರು. ಮತ್ತೆ ಕೇಳಲಿಲ್ಲ.

ಹೌದು. ಟೀವಿ ಹೇಳಿದ್ದನ್ನೇ ನಾನೂ ಹೇಳಿದ್ದೆ.

ಬಿಡಿ. ನಿನ್ನೆ ರಾತ್ರಿ ಹ್ಯಾಂಡ್‌ಬ್ರೇಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿಗೆ ಆ 13 ಜಿಬಿಯನ್ನು ಕೊಟ್ಟೆ. ಎಂಪಿಫೋರ್ ಭರಣಿ, ಎಚ್.264 ಚಿತ್ರ, ಎಎಸಿ ದನಿ. ಹಳೇ ಟೇಪಿನ ಚಿತ್ರದಲ್ಲಿ ಕೈ ಆಡಿಸಿದಾಗ ಬಾಚಣಿಗೆಯ ಹಲ್ಲಿನ ಹಾಗೆ ಗೆರೆ ಏಳುತ್ತದೆ, ಅದನ್ನು ತೆಗೆಯಲು ಡಿಇಂಟರ್‌ಲೇಸ್ ಅಂತ ಇದೆ, ಅದಕ್ಕೂ ಗುರುತು ಹಾಕಿದೆ. ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದೆ, ಹಲ್ಲು ಕಚ್ಚಿಕೊಂಡು. ಒಂದೂವರೆ ಜಿಬಿ ಆಯಿತು. ಬೆಳಿಗ್ಗೆ ಟೀವಿಗೆ ಹಾಕಿದರೆ ಪಾಪದ ಹಸುವಿನ ಹಾಗೆ ಓಡಿಸಿತು, ದನಿ ಸಮೇತ. ಅಣ್ಣ-ತಮ್ಮಂದಿರ ಮನೆಗಳಿಗೆ ಒಂದೊಂದು ಪೆನ್‌ಡ್ರೈವ್ ಕಳಿಸುತ್ತೇನೆ. ಮೂಲ ಫೈಲನ್ನು ಮಾತ್ರ ಅಳಿಸುವುದಿಲ್ಲ. ನಿಮ್ಮಲ್ಲೂ ಹಳೇ ಟೇಪು ಇದ್ದರೆ ಹೀಗೇ ಮಾಡಿ. ಆದರೆ ನೆಂಟರು ಬರುವ ಮೊದಲೇ ಒಮ್ಮೆ ಹಾಕಿ ನೋಡಿ.

ದೊಡ್ಡತ್ತೆಗೆ ಏನಾಯಿತು ಅಂತ ಕೇಳುತ್ತೀರಿ. ನಾಲ್ಕು ಗಂಟೆಗೆ ಅವರ ಜೀಪು ಬರುವುದಿತ್ತು. ಲ್ಯಾಪ್‌ಟಾಪಿನಿಂದ ಟೀವಿಗೆ ಎಳೆಯಲು ಎಚ್‌ಡಿಎಂಐ ಕೇಬಲ್ ಹುಡುಕಿದೆವು. ಸಿಕ್ಕಿತು, ಒಂದು ಮೀಟರಿನದ್ದು. ಟೀವಿ ಇರುವುದು ಆಳೆತ್ತರದಲ್ಲಿ, ಗೋಡೆಗೆ ಅಂಟಿಕೊಂಡು. ಹಿಂದೆ ಕೈ ತೂರುವುದಿಲ್ಲ. ಕೊನೆಗೆ ಅಳಿಯ ಎರಡು ಮಣೆ ಒಂದರ ಮೇಲೊಂದು ಇಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ದೊಡ್ಡತ್ತೆಯ ಮುಂದೆ ತಳ್ಳಿದ. ವಿಎಲ್‌ಸಿಯಲ್ಲಿ ಆ 13 ಜಿಬಿಯ ಫೈಲೇ, ಒಂದೇ ಏಟಿಗೆ ಬಂತು. ಹದಿನೈದು ಇಂಚಿನ ಪರದೆಗೆ ಅವರು ಮೂಗು ತಾಗುವಷ್ಟು ಹತ್ತಿರ ಬಗ್ಗಿದರು. ಉಳಿದವರು ಸುತ್ತ ಕೂತು ಬರೀ ದನಿ ಕೇಳಿದೆವು. ಮೇಲೆ ಗೋಡೆಯಲ್ಲಿ ಟೀವಿ ತನ್ನಷ್ಟಕ್ಕೆ ಯಾವುದೋ ಸಿನಿಮಾದ ಜಾಹೀರಾತು ತೋರಿಸುತ್ತಿತ್ತು.

ಅಪ್ಪ ಕುಂತಿಯ ವಿಷಯಕ್ಕೆ ಬಂದಾಗ ದನಿ ತಗ್ಗಿಸುತ್ತಾರೆ. ಅಲ್ಲಿ ಮೈಕಿಗೂ ಸರಿಯಾಗಿ ಸಿಕ್ಕಿಲ್ಲ, ಹಿಂದೆ ಯಾರೋ ಕೆಮ್ಮುವುದು ಕೇಳುತ್ತದೆ. ಅಮ್ಮ ಅಡಿಗೆಮನೆಗೆ ಎದ್ದುಹೋದರು. ದೊಡ್ಡತ್ತೆ ಅಲುಗಾಡಲಿಲ್ಲ. ಜೀಪಿನವನು ಹಾರ್ನ್ ಹಾಕಿದ, ಅದಕ್ಕೂ ಏಳಲಿಲ್ಲ. ತುಂಬ ಹೊತ್ತಿನ ಮೇಲೆ ಪರದೆಗೆ ಬೆರಳು ತಾಗಿಸಿ ಒಂದೇ ಮಾತು ಅಂದರು.

'ಆ ಶಾಲು ಆನು ಕೊಟ್ಟದು.'