ಒಲೆ ಉರಿಯುವ ವಸ್ತುಸಂಗ್ರಹಾಲಯ

ಊರಿನಿಂದ ಬಂದಿದ್ದ ಅವ್ವನನ್ನು ಸ್ಟಾಕ್‌ಹೋಮ್‌ನ ಸ್ಕಾನ್ಸೆನ್‌ಗೆ ಕರೆದುಕೊಂಡು ಹೋಗಿದ್ದೆ. ಸ್ವೀಡನ್ನಿನ ಹಳ್ಳಿಹಳ್ಳಿಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿರುವ ಬಯಲು ವಸ್ತುಸಂಗ್ರಹಾಲಯ ಅದು. ಒಂದು ಮರದ ಮನೆಯೊಳಗೆ ಒಲೆ ಧಗಧಗ ಉರಿಯುತ್ತಿತ್ತು. ಹಳೆಯ ಕಾಲದ ಉಡುಪು ತೊಟ್ಟ ಮಹಿಳೆಯೊಬ್ಬರು ಬಾರ್ಲಿ ಹಿಟ್ಟಿನ ಉಂಡೆಯನ್ನು ಗೀರುಗೀರಿನ ಲಟ್ಟಣಿಗೆಯಿಂದ ತೆಳ್ಳಗೆ ಲಟ್ಟಿಸಿ, ಚಪ್ಪಟೆ ಕೋಲೊಂದನ್ನು ಅದರಡಿ ತೂರಿಸಿ ಎತ್ತಿ, ಬೇಯಲು ಹಾಕುತ್ತಿದ್ದರು. ಅವ್ವ ಅಲ್ಲಿಂದ ಕದಲಲಿಲ್ಲ. "ತಟ್ಟುವುದಿಲ್ಲವೇನು?" ಎಂದು ಕೇಳಿದಳು. ನಾನು ಸ್ವೀಡಿಷ್‌ನಲ್ಲಿ ಹೇಳಿದೆ. ತಟ್ಟುವುದು ಹೇಗೆಂದು ಅವರು ತಿರುಗಿ ಕೇಳಿದಾಗ ಅವ್ವ ಬರಿಗೈಯಲ್ಲೇ ಮೇಜಿನ ಮೇಲೆ ತಟ್ಟಿ, ತಿರುಗಿಸಿ ತೋರಿಸಿದಳು. ಆಮೇಲೆ ಇಬ್ಬರೂ ರೊಟ್ಟಿ ಕೆಡದಂತೆ ಇಡುವ ಮಾತಿಗೆ ಇಳಿದರು. ಅಲ್ಲಿಯವರೂ ಒಮ್ಮೆ ಸುಟ್ಟು ತಿಂಗಳುಗಟ್ಟಲೆ ಉಣ್ಣುತ್ತಿದ್ದರಂತೆ. ನಡುವೆ ತೂತಿರುವ, ರೈ ಎಂಬ ಧಾನ್ಯದ ರೊಟ್ಟಿಗಳನ್ನಂತೂ ಕೋಲಿಗೆ ಪೋಣಿಸಿ ಸೂರಿನಡಿ ತೂಗುಹಾಕುತ್ತಿದ್ದರಂತೆ. ನಮ್ಮ ಗದಗಿನ ಖಡಕ್ ರೊಟ್ಟಿಯ ಬುಟ್ಟಿ ಅವ್ವನ ಬಾಯಿಗೆ ಬಾರದೆ ಇರುತ್ತದೆಯೇ?

ಇದೇ ಅವ್ವ ನಮ್ಮ ನಾಡಿನ ಒಂದು ವಸ್ತುಸಂಗ್ರಹಾಲಯದಲ್ಲಿ ಬೀಸುಕಲ್ಲಿನ ಗೂಟ ಹಿಡಿದಾಗ ಕಾವಲಿನವನು ದೂರದಿಂದಲೇ ಗದರಿದ್ದ. ಬಾಲ್ಯವೆಲ್ಲ ನಸುಕಿನಲ್ಲೆದ್ದು ಬೀಸಿದ ಕೈ ಅದು. ಅವಳು ಸುಮ್ಮನೆ ಕೈ ಹಿಂದಕ್ಕೆ ತೆಗೆದುಕೊಂಡಳು. ಕಲ್ಲಿನ ಪಕ್ಕದ ಫಲಕದಲ್ಲಿ 'ಬೀಸುವ ಕಲ್ಲು' ಎಂದು ಬರೆದಿತ್ತು, ಅಷ್ಟೇ. ಯಾವ ಊರಿನದು, ಯಾರ ಮನೆಯದು, ಬೀಸುವಾಗ ಏನು ಹಾಡುತ್ತಿದ್ದರು, ಒಂದು ಮಾತಿಲ್ಲ. ಅದನ್ನೆಲ್ಲ ಬಲ್ಲವಳು ಎದುರಿಗೇ ನಿಂತಿದ್ದಳು. ಅವಳನ್ನು ಕೇಳುವವರು ಯಾರೂ ಇರಲಿಲ್ಲ. ನನಗೆ ಇಂದಿಗೂ ಅದು ಉರಿಯುತ್ತದೆ.

ಸ್ಕಾನ್ಸೆನ್ ಕಟ್ಟಿದವರು ಆರ್ಟುರ್ ಹಾಸೇಲಿಯುಸ್. 1872ರಲ್ಲಿ ಡಾಲಾರ್ನಾ ಪ್ರಾಂತ್ಯದಲ್ಲಿ ತಿರುಗಾಡುವಾಗ ಹಳ್ಳಿಗರ ಉಡುಗೆ ತೊಡುಗೆ ಮರೆಯಾಗುತ್ತಿರುವುದನ್ನು ಕಂಡು ಸಂಗ್ರಹಕ್ಕೆ ತೊಡಗಿದರು. ಮರುವರ್ಷವೇ ಸ್ಟಾಕ್‌ಹೋಮ್‌ನಲ್ಲಿ ಜನಾಂಗೀಯ ಸಂಗ್ರಹವನ್ನು ತೆರೆದರು. ಇಂದಿನ ನಾರ್ಡಿಕ್ ವಸ್ತುಸಂಗ್ರಹಾಲಯ ಬೆಳೆದದ್ದು ಅದರಿಂದಲೇ. ಅಷ್ಟಕ್ಕೇ ಸಮಾಧಾನವಾಗದೆ 1891ರಲ್ಲಿ ಯೂರ್ಗೋರ್ಡನ್ ದ್ವೀಪದ ಗುಡ್ಡದ ಮೇಲೆ ಮನೆಗಳನ್ನೇ ತಂದು ನಿಲ್ಲಿಸತೊಡಗಿದರು. ಇಂದು ಅಲ್ಲಿ ಸುಮಾರು 150 ಕಟ್ಟಡಗಳಿವೆ. ಸೆಗ್ಲೋರಾ ಎಂಬ ಊರಿನ ಮರದ ಚರ್ಚನ್ನು ಕೂಡ ಬಿಚ್ಚಿ ತಂದಿದ್ದಾರೆ. ಮನೆಯ ಜೊತೆಗೆ ಅದರೊಳಗಿನ ಕೆಲಸವನ್ನೂ, ಆ ಕೆಲಸ ಬಲ್ಲ ಮನುಷ್ಯರನ್ನೂ ಇಟ್ಟದ್ದರಿಂದಲೇ ಅವ್ವನಿಗೆ ಅಲ್ಲಿ ಮಾತನಾಡಲು ಒಬ್ಬರು ಸಿಕ್ಕರು.

ಹಾಗೆಂದು ಸ್ಕಾನ್ಸೆನ್‌ನಲ್ಲಿ ನಡೆದದ್ದೆಲ್ಲ ಮೆಚ್ಚುವಂಥದ್ದಲ್ಲ. ಮೊದಲ ವರ್ಷಗಳಲ್ಲಿ ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ಕುಟುಂಬಗಳನ್ನೇ ಕರೆತಂದು ಜನ ನೋಡಲೆಂದು ಇರಿಸಿದ್ದರು. ನಮ್ಮಲ್ಲೂ ಎಚ್.ಎಲ್. ನಾಗೇಗೌಡರಂಥವರು ಇದ್ದರು ಎಂಬುದನ್ನು ಒಪ್ಪಲೇಬೇಕು. ಐಎಎಸ್ ಅಧಿಕಾರಿಯಾಗಿದ್ದವರು ಹಳ್ಳಿಗಳ ಹಾಡು, ಕಥೆ, ಬಳಕೆಯ ವಸ್ತುಗಳನ್ನು ಕೂಡಿಹಾಕಿ ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಅಲ್ಲಿ ಕಲಾವಿದರು ಬಂದು ಕುಣಿಯುತ್ತಾರೆ, ಹಾಡುತ್ತಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರೂ ಹಳೆಯ ಮನೆಗಳನ್ನು ಬಿಚ್ಚಿ ತಂದು ಮರಳಿ ನಿಲ್ಲಿಸಿದರು. ಇನ್ನು ರೊಟ್ಟಿಯ ಮಾತು. ಇಲ್ಲಿ ಸ್ವೀಡನ್ನಿನ ನನ್ನ ನೆರೆಯವರು ತಮ್ಮ ರೊಟ್ಟಿಯನ್ನು ಅಂಗಡಿಯ ಪೊಟ್ಟಣದಿಂದಲೇ ತೆಗೆದು ತಿನ್ನುತ್ತಾರೆ. ನಮ್ಮ ಕಡೆ ಇಂದಿಗೂ ಹೆಣ್ಣುಮಕ್ಕಳು ರೊಟ್ಟಿ ತಟ್ಟಿ ಮಾರಿ ಸಂಸಾರ ನಡೆಸುತ್ತಿದ್ದಾರೆ.

ರೊಟ್ಟಿ ಉಳಿಯಿತು, ಬೀಸುಕಲ್ಲು ಉಳಿಯಲಿಲ್ಲ. ಗಿರಣಿ ಬಂದ ಮೇಲೆ ಕಲ್ಲು ಅಟ್ಟ ಸೇರಿತು, ಹಿತ್ತಿಲು ಸೇರಿತು. ಬೀಸುವ ಹಾಡು ಬಲ್ಲವರು ಅವ್ವನ ವಯಸ್ಸಿನವರೇ. ಅವರಲ್ಲಿ ಇಬ್ಬರನ್ನಾದರೂ ತಿಂಗಳ ಸಂಬಳಕ್ಕೆ ನೇಮಿಸಿ, ಆ ಕಲ್ಲನ್ನು ಹಗ್ಗದ ಆಚೆಯಿಂದ ಈಚೆಗೆ ತಂದು, ಒಂದು ಸೇರು ಜೋಳ ಕೊಟ್ಟು ಕೂರಿಸಿ. ಶಾಲೆಯ ಮಕ್ಕಳು ಬಂದಾಗ ಗೂಟವನ್ನು ಅವರ ಕೈಗೂ ಕೊಡಲಿ.