ಗೆಲ್ಲುವ ಎಲೆ ಕೈಯಲ್ಲಿದ್ದಾಗ ನಮ್ಮವರ ಕೈ ಯಾಕೆ ನಡುಗುತ್ತದೆ?

ಆನ್‌ಲೈನ್ ಪೋಕರ್ ಆಡುವವರ ನಡುವೆ ಹತ್ತು ನಿಮಿಷ ಕುಳಿತರೆ ಸಾಕು, ಸೋತ ಆಟಗಳ ಪುರಾಣ ಶುರುವಾಗುತ್ತದೆ. ಎರಡು ಎಕ್ಕ ಹಿಡಿದು ಸೋತದ್ದು, ಕೊನೆಯ ಎಲೆಯಲ್ಲಿ ಎದುರಾಳಿಗೆ ಫ್ಲಶ್ (ಒಂದೇ ಜಾತಿಯ ಐದು ಎಲೆ) ಕೂಡಿದ್ದು, ಯಾವನೋ ಏಳು-ಎರಡರಂಥ ಕಳಪೆ ಎಲೆ ಇಟ್ಟುಕೊಂಡು ಬಂದು ದೋಚಿದ್ದು. ಗೆದ್ದ ಆಟದಲ್ಲಿ ಎಷ್ಟು ಬಿಟ್ಟು ಬಂದೆ ಎಂಬ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಆ ನಷ್ಟ ಪರದೆಯ ಮೇಲೆ ಕಾಣುವುದೇ ಇಲ್ಲ. ಚಿಪ್ಪುಗಳು ನಮ್ಮ ಕಡೆಗೆ ಸರಿದು ಬರುತ್ತವೆ, ನಾವು ಖುಷಿಯಾಗಿ ಮುಂದಿನ ಎಲೆಗೆ ಕಾಯುತ್ತೇವೆ. ನನ್ನ ಅಭಿಪ್ರಾಯದಲ್ಲಿ ಸಾಧಾರಣ ಆಟಗಾರ ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ, ತಾನು ಗೆದ್ದ ಆಟಗಳಲ್ಲಿ.

ಮುಂದೆ ಓದುವ ಮೊದಲೇ ‘ಇದು ನಿಷೇಧವಾಗಿಲ್ಲವೇ’ ಎಂದು ಕೇಳುವವರಿಗೆ: ಹಣ ಕಟ್ಟಿ ಆಡುವುದು ನಿಷೇಧವಾಗಿದೆ. ರಾಜ್ಯ ಸರ್ಕಾರ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತ್ತು. 2023ರ ಅಕ್ಟೋಬರ್‌ನಿಂದ ಕಟ್ಟಿದ ಹಣದ ಮೇಲೆ ಶೇ 28ರ ಜಿಎಸ್‌ಟಿ ಬಂತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆಯನ್ನೇ ಅಂಗೀಕರಿಸಿತು, ದೊಡ್ಡ ತಾಣಗಳು ಹಣದ ಮೇಜುಗಳನ್ನು ಮುಚ್ಚಿದವು. ಇಸ್ಪೀಟಿನಿಂದ ತೋಟ ಅಡವಿಟ್ಟ ಕಥೆಗಳನ್ನು ಕೇಳುತ್ತಾ ಬೆಳೆದ ಊರಿನವನಾಗಿ ನನಗೆ ಇದರಿಂದ ದೊಡ್ಡ ಸಂಕಟವೇನೂ ಇಲ್ಲ. ನಾವು ಕೆಲವು ಗೆಳೆಯರು ಉಚಿತ ಚಿಪ್ಪಿನ ಖಾಸಗಿ ಮೇಜಿನಲ್ಲಿ ಆಡುತ್ತೇವೆ. ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಮರ ಬಿದ್ದು ಕರೆಂಟು ಹೋಗಿ, ಇನ್ವರ್ಟರ್‌ನಲ್ಲಿ ಉಳಿದ ಜೀವದಿಂದ ಮೊಬೈಲ್ ಚಾರ್ಜ್ ಮಾಡಿಕೊಂಡು, ವಿರಾಜಪೇಟೆಯವನೊಬ್ಬ, ಸೋಮವಾರಪೇಟೆಯವನೊಬ್ಬ, ನಾಪೋಕ್ಲು ಕಡೆಯವನೊಬ್ಬ. ಒಂದೇ ಷರತ್ತು: ತಿಂಗಳ ಕೊನೆಗೆ ಯಾರ ಚಿಪ್ಪು ಎಷ್ಟು ಎಂದು ಬರೆದಿಡುತ್ತೇವೆ. ಹಾಗಾಗಿ ಪುಕ್ಕಟೆ ಎಂದು ಯಾರೂ ಹುಚ್ಚಾಪಟ್ಟೆ ಆಡುವುದಿಲ್ಲ. ಮಾನ ಎನ್ನುವುದೂ ಒಂದು ನಾಣ್ಯವೇ.

ಈ ಬರಹಕ್ಕೆ ಕಾರಣವಾದ ಆಟ ಇದು. ನಾಪೋಕ್ಲು ಗೆಳೆಯನ ಕೈಯಲ್ಲಿ ಏಳರ ಜೋಡಿ. ಫ್ಲಾಪ್‌ನಲ್ಲಿ, ಅಂದರೆ ಎಲ್ಲರಿಗೂ ಸೇರಿ ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆಗಳಲ್ಲಿ, ಬಿದ್ದದ್ದು ಆಟಿನ್ ರಾಜ, ಕಳಾವರ್ ಏಳು, ಡೈಮಂಡ್ ಎರಡು. ಜೋಡಿ ಹಿಡಿದವನಿಗೆ ಫ್ಲಾಪ್‌ನಲ್ಲಿ ಮೂರನೆಯದು ಸಿಗುವುದು ಸುಮಾರು ಎಂಟೂವರೆ ಸಲಕ್ಕೊಮ್ಮೆ. ಸಿಕ್ಕಿದೆ, ಅದೂ ಅಡಗಿ ಕುಳಿತಿದೆ. ಪಾಟ್‌ನಲ್ಲಿ (ಎಲ್ಲರೂ ಕಟ್ಟಿದ ಚಿಪ್ಪಿನ ರಾಶಿಯಲ್ಲಿ) 100, ಇಬ್ಬರ ಬಳಿಯೂ ಇನ್ನು 1300. ಅವನು ಅರ್ಧ ಪಾಟ್ ಬಟನ್ ಒತ್ತಿದ, 50. ಎದುರಾಳಿ ಕಾಲ್ ಮಾಡಿದ, ಅಂದರೆ ಅಷ್ಟನ್ನೇ ತಾನೂ ಹಾಕಿದ. ಟರ್ನ್‌ನಲ್ಲಿ (ನಾಲ್ಕನೆಯ ಎಲೆ) ಇಸ್ಪೀಟ್ ಒಂಬತ್ತು. ಮತ್ತೆ ಅರ್ಧ, 100, ಮತ್ತೆ ಕಾಲ್. ರಿವರ್‌ನಲ್ಲಿ (ಐದನೆಯ, ಕೊನೆಯ ಎಲೆ) ಏನೂ ಅಲ್ಲದ ಒಂದು ನಾಲ್ಕು. ಮತ್ತೆ ಅರ್ಧ, 200. ಎದುರಾಳಿ ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಕಾಲ್ ಮಾಡಿ ರಾಜ-ರಾಣಿ ತೋರಿಸಿದ. ಗೆದ್ದ ಗೆಳೆಯ ಗುಂಪಿನಲ್ಲಿ ನಗುವ ಮುಖಗಳನ್ನು ಸುರಿದ.

ನಾನು ನೋಡಿದ್ದು ಆ ಕೊನೆಯ ಕಾಲ್‌ನ ವೇಗವನ್ನು. ಯೋಚನೆಯೇ ಮಾಡದೆ 200 ಕೊಟ್ಟವನು ಎಷ್ಟಕ್ಕೆ ಯೋಚಿಸುತ್ತಿದ್ದ? 400ಕ್ಕೆ? 600ಕ್ಕೆ? ಆ ಪ್ರಶ್ನೆಯನ್ನು ಕೇಳುವ ಅವಕಾಶ ಇವನ ಬೆರಳ ತುದಿಯಲ್ಲಿತ್ತು, ಕೇಳಲಿಲ್ಲ.

ಲೆಕ್ಕ ನೋಡಿ. ಅರ್ಧ ಪಾಟ್‌ನಂತೆ ಮೂರು ಸಲ ಹಾಕಿದರೆ 50, 100, 200, ಒಟ್ಟು 350. ಮೂರು ಸಲವೂ ಪಾಟ್‌ನಷ್ಟೇ ಹಾಕಿದ್ದರೆ 100, 300, 900. ಒಟ್ಟು 1300, ಅಂದರೆ ಎದುರಾಳಿಯ ಬಳಿ ಇದ್ದದ್ದೆಲ್ಲ. ಮೊದಲ ಬೆಟ್‌ನಲ್ಲಿ ವ್ಯತ್ಯಾಸ ಬರೀ 50; ಕೊನೆಗೆ ಬರುವಾಗ ಅದು 950 ಆಗಿದೆ. ಪ್ರತಿ ಬೆಟ್ ಮುಂದಿನ ಪಾಟ್ ಅನ್ನು ಉಬ್ಬಿಸುತ್ತದೆ, ಉಬ್ಬಿದ ಪಾಟ್ ಮುಂದಿನ ಬೆಟ್ ಅನ್ನು. ಆದ್ದರಿಂದ ರಿವರ್‌ಗೆ ಬಂದ ಮೇಲೆ ‘ಈಗ ದೊಡ್ಡದು ಹಾಕಲೇ’ ಎಂದು ಕೇಳಿದರೆ ಹೊತ್ತು ಮೀರಿರುತ್ತದೆ. 1300ರ ಆಟವೋ 350ರ ಆಟವೋ ಎಂಬುದರ ಬಹುಪಾಲು ಫ್ಲಾಪ್‌ನಲ್ಲೇ ತೀರ್ಮಾನವಾಗಿರುತ್ತದೆ. ಪಾಟ್ ಎಷ್ಟು, ಇಬ್ಬರ ಬಳಿ ಉಳಿದದ್ದು ಎಷ್ಟು, ಇನ್ನು ಎಷ್ಟು ಸುತ್ತು ಬಾಕಿ: ಇಷ್ಟು ನೋಡಿ ಕೊನೆಯ ಬೆಟ್‌ನಿಂದ ಹಿಂದಕ್ಕೆ ಲೆಕ್ಕ ಹಾಕಬೇಕು.

‘ಪಾಟ್‌ನಷ್ಟು ಹಾಕಿದ್ದರೆ ಅವನು ಎಲೆ ಬಿಸಾಡಿ ಓಡಿಹೋಗುತ್ತಿದ್ದ’ ಎಂಬುದು ಗೆಳೆಯನ ಉತ್ತರ. ಓಡಬಹುದು, ಇಲ್ಲ ಎನ್ನುವುದಿಲ್ಲ. ಆದರೆ ನಡುವಿನ ದಾರಿಯೂ ಇದೆ: ಮೂರು ಸಲವೂ ಪಾಟ್‌ನ ಮೂರರಲ್ಲಿ ಎರಡು ಪಾಲು ಹಾಕಿದರೆ ಸುಮಾರು 585 ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಎದುರಾಳಿ ಕೆಲವು ಸಲ ಓಡಿದರೂ ದೊಡ್ಡ ಬೆಟ್ ಲಾಭದ್ದೇ ಆಗಿರಬಹುದು.

ಹೋಂಸ್ಟೇ ನಡೆಸುವವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ದಸರೆಯ ರಜೆಯಲ್ಲಿ ಬೆಂಗಳೂರಿನ ಕಾರುಗಳು ಕುಶಾಲನಗರ ದಾಟಿ ಸಾಲುಗಟ್ಟಿ ಬರುವಾಗ ಯಾರೂ ಜುಲೈ ತಿಂಗಳ ಬುಧವಾರದ ಬಾಡಿಗೆ ಹೇಳುವುದಿಲ್ಲ. ಕೋಣೆ ಅದೇ, ಹಾಸಿಗೆ ಅದೇ, ಕಿಟಕಿಯಾಚೆಯ ಕಾಫಿ ಗಿಡವೂ ಅದೇ. ಬೇರೆಯಾದದ್ದು ಬಂದವನ ಅಗತ್ಯ. ನಾಲ್ಕು ಜನ ಬಾಡಿಗೆ ಕೇಳಿ ಫೋನ್ ಇಟ್ಟರೂ ಐದನೆಯವನು ಒಪ್ಪುತ್ತಾನೆ, ತಿಂಗಳ ಲೆಕ್ಕ ಸರಿಹೋಗುತ್ತದೆ. ಇಷ್ಟು ಚೆನ್ನಾಗಿ ವ್ಯವಹಾರ ಗೊತ್ತಿರುವ ಮನುಷ್ಯ ಮೊಬೈಲ್ ಹಿಡಿದ ಕೂಡಲೇ ಎಲ್ಲ ಗಿರಾಕಿಗೂ ಅರ್ಧ ಬೆಲೆ ಹೇಳುವುದು ನನಗೆ ಅರ್ಥವಾಗದ ಸಂಗತಿ.

ಅಂಕಿಯಲ್ಲಿ ಹೇಳುವುದಾದರೆ, ರಿವರ್‌ನಲ್ಲಿ ಪಾಟ್ 1000 ಇದೆ, ನಮ್ಮ ಎಲೆ ಗೆಲ್ಲುವುದು ಖಚಿತ ಎಂದಿಟ್ಟುಕೊಳ್ಳಿ. 300 ಹಾಕಿದರೆ ನೂರರಲ್ಲಿ 60 ಸಲ ಕಾಲ್ ಸಿಗುತ್ತದೆ ಎಂದಾದರೆ ಸರಾಸರಿ ಗಳಿಕೆ 180. 1000 ಹಾಕಿದಾಗ ಕಾಲ್ 30ಕ್ಕೆ ಇಳಿದರೂ ಗಳಿಕೆ 300. ದೊಡ್ಡ ಬೆಟ್ ಸಣ್ಣದಕ್ಕೆ ಸಮವಾಗಲು ನೂರರಲ್ಲಿ 18 ಸಲ ಕಾಲ್ ಸಿಕ್ಕರೆ ಸಾಕು. ಆದರೆ 82 ಸಲ ಎದುರಾಳಿ ಎಲೆ ಬಿಸಾಡುವುದನ್ನು ನೋಡುತ್ತಾ ಕೂರಲು ಗಟ್ಟಿ ಎದೆ ಬೇಕು. ನಮ್ಮವರ ತೊಂದರೆ ಇರುವುದು ಅಲ್ಲಿ. ಒಳ್ಳೆಯ ಎಲೆ ಬಂದದ್ದು ಅಪರೂಪ, ಅದಕ್ಕೆ ಏನಾದರೂ ಸಿಗಲೇಬೇಕು ಎಂಬ ಆತುರದಲ್ಲಿ ಸಿಕ್ಕಷ್ಟಕ್ಕೆ ಒಪ್ಪಿಬಿಡುತ್ತಾರೆ.

ಹಾಗೆಂದು ಒಳ್ಳೆಯ ಎಲೆ ಬಂದಾಗಲೆಲ್ಲ ದೊಡ್ಡದು ಹಾಕಿ ಎನ್ನುತ್ತಿಲ್ಲ. ಬೆಟ್‌ನ ಗಾತ್ರವನ್ನು ಕೇಳಬೇಕಾದದ್ದು ನಮ್ಮ ಎಲೆಯನ್ನಲ್ಲ, ಎದುರಾಳಿಯ ಎಲೆಯನ್ನು. ಅದೇ ಫ್ಲಾಪ್ ಇಟ್ಟುಕೊಳ್ಳೋಣ: ರಾಜ, ಏಳು, ಎರಡು. ನಮ್ಮ ಕೈಯಲ್ಲಿ ಎರಡು ಏಳು ಇದ್ದರೆ ಹೊರಗೆ ಇನ್ನೂ ಮೂರು ರಾಜರಿದ್ದಾರೆ. ಎಕ್ಕ-ರಾಜ 12 ಬಗೆಯಲ್ಲಿ (3 ರಾಜ × 4 ಎಕ್ಕ), ರಾಜ-ರಾಣಿ 12 ಬಗೆಯಲ್ಲಿ, ರಾಜ-ಗುಲಾಮ 12 ಬಗೆಯಲ್ಲಿ ಎದುರಾಳಿಯ ಬಳಿ ಇರಬಹುದು. ದುಡ್ಡು ಕೊಡಲು ಸಿದ್ಧವಿರುವ ಒಟ್ಟು 36 ಬಗೆ. ನಮ್ಮ ಕೈಯಲ್ಲಿ ಎರಡು ರಾಜರೇ ಇದ್ದರೆ? ಎಲೆ ಇನ್ನೂ ಬಲವಾಯಿತು, ಆದರೆ ಹೊರಗೆ ಉಳಿದ ರಾಜ ಒಬ್ಬನೇ. ಆ 36 ಈಗ 12ಕ್ಕೆ ಇಳಿಯಿತು. ಕೊಡುವವನನ್ನು ನಾವೇ ಬಚ್ಚಿಟ್ಟುಕೊಂಡು ಕುಳಿತಿದ್ದೇವೆ. ಎದುರಾಳಿಯ ಬಳಿ ಹತ್ತರ ಜೋಡಿಯೋ ಎಂಟರ ಜೋಡಿಯೋ ಇರುವ ಸಾಧ್ಯತೆ ಹೆಚ್ಚು, ಅವನು ದೊಡ್ಡ ಬೆಟ್ ನೋಡಿದರೆ ಹೋಗುತ್ತಾನೆ. ಅಲ್ಲಿ ಪಾಟ್‌ನ ಮೂರನೇ ಒಂದು ಪಾಲು ಹಾಕುವುದೇ ಬುದ್ಧಿವಂತಿಕೆ. ಹೆಚ್ಚು ಬಲದ ಎಲೆಗೆ ಸಣ್ಣ ಬೆಟ್, ಕಡಿಮೆ ಬಲದ್ದಕ್ಕೆ ದೊಡ್ಡದು! ಇದನ್ನು ಗುಂಪಿನಲ್ಲಿ ಹೇಳಿದಾಗ ಸೋಮವಾರಪೇಟೆಯವನು ನನಗೆ ಜ್ವರ ಬಂದಿದೆಯೇ ಎಂದು ಕೇಳಿದ.

ಎಲೆ ಕೂಡಲು ಕಾಯುತ್ತಿರುವವನ ವಿಷಯ ಬೇರೆ. ಟರ್ನ್‌ನಲ್ಲಿ ಫ್ಲಶ್‌ಗೆ ಒಂದು ಎಲೆ ಬಾಕಿ ಇರುವವನಿಗೆ ನೋಡದ 46 ಎಲೆಗಳಲ್ಲಿ 9 ಅನುಕೂಲ, ಶೇ 20ಕ್ಕೆ ಕೂದಲೆಳೆಯಷ್ಟು ಕಡಿಮೆ. ಪಾಟ್ 100 ಇದ್ದಾಗ ನಾವು 33 ಹಾಕಿದರೆ, ಒಟ್ಟು 166ರಲ್ಲಿ ಅವನು ಕಟ್ಟುವುದು 33; ನಷ್ಟವಾಗದಿರಲು ಅವನಿಗೆ ಬೇಕಾದ ಗೆಲುವಿನ ಸಾಧ್ಯತೆ ಹೆಚ್ಚುಕಡಿಮೆ ಶೇ 20. ಅವನಿಗೆ ನಷ್ಟವೇ ಇಲ್ಲವೆನ್ನಬಹುದಾದ ಬೆಲೆಯನ್ನು ನಾವೇ ಕೈಯಾರೆ ಕೊಟ್ಟಂತಾಯಿತು. 100 ಹಾಕಿದರೆ ಅವನಿಗೆ ಶೇ 33 ಬೇಕು. ಆದರೂ ಬರುತ್ತಾನೆ, ಆಸೆ ಬಿಡುವುದಿಲ್ಲ. ಅವನಿಂದ ವಸೂಲಿ ಮಾಡಬೇಕಾದದ್ದು ಟರ್ನ್‌ನಲ್ಲೇ. ರಿವರ್‌ನಲ್ಲಿ ಎಲೆ ಕೂಡದಿದ್ದರೆ ಅವನು ಬಿಡಿಗಾಸೂ ಕೊಡುವುದಿಲ್ಲ.

ಈ ಅರ್ಧ ಪಾಟ್ ಚಾಳಿಗೆ ಅರ್ಧ ಕಾರಣ ಪರದೆಯೇ ಎಂದು ನನಗೆ ಅನ್ನಿಸುತ್ತದೆ. ಮೇಜಿನ ಮೇಲೆ ನಿಜವಾದ ಚಿಪ್ಪು ಇದ್ದರೆ ಎಣಿಸಿ ತಳ್ಳಬೇಕು, ಎಣಿಸುವಾಗ ತಲೆ ಓಡುತ್ತದೆ. ಮೊಬೈಲ್‌ನಲ್ಲಿ ಬಟನ್ ಸಿದ್ಧವಾಗಿ ಕುಳಿತಿದೆ, ಪಕ್ಕದಲ್ಲಿ ಸೆಕೆಂಡುಗಳು ಓಡುತ್ತಿವೆ, ಹೆಬ್ಬೆರಳು ತನ್ನ ಪಾಡಿಗೆ ಒತ್ತಿಬಿಡುತ್ತದೆ. ಹಲವು ಆ್ಯಪ್‌ಗಳಲ್ಲಿ ಆ ಬಟನ್‌ಗಳನ್ನು ಬದಲಿಸಿಕೊಳ್ಳಬಹುದು. ನಾನು ಅರ್ಧವನ್ನು ತೆಗೆದೇ ಹಾಕಿದ್ದೇನೆ. ಈಗ ಇರುವುದು ಪಾಟ್‌ನ ಶೇ 33, 75, 125. ಅರ್ಧ ಬೇಕೆಂದರೆ ಕೈಯಿಂದಲೇ ಟೈಪ್ ಮಾಡಬೇಕು, ಆ ಕಷ್ಟ ಒಳ್ಳೆಯದೇ.

125 ಎಂದಾಗ ಹುಬ್ಬೇರಿಸಬೇಡಿ. ಪಾಟ್‌ಗಿಂತ ಹೆಚ್ಚು ಹಾಕುವುದು ಒರಟರ ಆಟ ಎಂದು ಹಿಂದೆಲ್ಲ ಮೂಗು ಮುರಿಯುತ್ತಿದ್ದರು. 2017ರ ಜನವರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಪಿಟ್ಸ್‌ಬರ್ಗ್‌ನ ಕ್ಯಾಸಿನೊದಲ್ಲಿ ನಾಲ್ವರು ವೃತ್ತಿಪರರ ಎದುರು 1,20,000 ಆಟ ಆಡಿ ಗೆದ್ದಿತು. ಅವರನ್ನು ಹೆಚ್ಚು ಕಾಡಿದ್ದರಲ್ಲಿ ಅದರ ಓವರ್‌ಬೆಟ್‌ಗಳೂ ಸೇರಿದ್ದವು. ಸಣ್ಣ ಪಾಟ್‌ಗೆ ಯಾರೂ ಊಹಿಸದ ಮೊತ್ತವನ್ನು ಮುಂದಿಟ್ಟು ನಿಮಿಷಗಟ್ಟಲೆ ಯೋಚಿಸುವಂತೆ ಮಾಡುತ್ತಿತ್ತು. ಯಂತ್ರಕ್ಕೆ ಎದುರಾಳಿ ಓಡಿಹೋದಾನು ಎಂಬ ಅಳುಕಿಲ್ಲ, ಮಾನದ ಪ್ರಶ್ನೆಯೂ ಇಲ್ಲ.

ಒಂದು ಎಚ್ಚರಿಕೆ. ದಿನವೂ ಅದೇ ನಾಲ್ವರೊಂದಿಗೆ ಆಡುವವನು ಗಟ್ಟಿ ಎಲೆಗೆ ಮಾತ್ರ ದೊಡ್ಡ ಬೆಟ್ ಹಾಕಿದರೆ ವಾರದೊಳಗೆ ಬಣ್ಣ ಬಯಲಾಗುತ್ತದೆ. ಪಾಟ್‌ನಷ್ಟು ಹಾಕುವಾಗ ಮೂರರಲ್ಲಿ ಒಂದು ಬ್ಲಫ್ (ಗಟ್ಟಿ ಎಲೆ ಇಲ್ಲದೆ ಹೆದರಿಸುವ ಬೆಟ್) ಆಗಿದ್ದರೆ ಎದುರಾಳಿಗೆ ಕಾಲ್ ಮಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಗುರುತಿಲ್ಲದವರ ಮೇಜಿನಲ್ಲಿ ಈ ಸಮತೋಲನದ ಚಿಂತೆ ಅಷ್ಟಾಗಿ ಬೇಡ. ಅಲ್ಲಿ ಹೆಚ್ಚಿನವರು ತಮ್ಮ ಎಲೆ ನೋಡಿ ಕಾಲ್ ಮಾಡುತ್ತಾರೆ, ಬೆಟ್‌ನ ಗಾತ್ರ ನೋಡಿ ಅಲ್ಲ.

ಈಗ ನಮ್ಮ ಗುಂಪಿನಲ್ಲಿ ಇನ್ನೂ ಬಗೆಹರಿಯದ ಜಗಳ. ಅದೇ ಎರಡು ಏಳು, ಫ್ಲಾಪ್ ರಾಜ-ಏಳು-ಎರಡು, ಟರ್ನ್ ಒಂಬತ್ತು. ರಿವರ್‌ನಲ್ಲಿ ನಾಲ್ಕರ ಬದಲು ಇನ್ನೊಂದು ರಾಜ ಬಿತ್ತು ಎನ್ನಿ. ನಮ್ಮದು ಫುಲ್ ಹೌಸ್: ಮೂರು ಏಳು, ಎರಡು ರಾಜ. ಎಕ್ಕ, ರಾಣಿ ಅಥವಾ ಗುಲಾಮನ ಜೊತೆ ರಾಜ ಹಿಡಿದವನ ಬಳಿ ಈಗ ಮೂರು ರಾಜರು, ನಾವು ಎಷ್ಟು ಹಾಕಿದರೂ ಅವನು ಬಿಡುವುದಿಲ್ಲ. ಅಂಥವು 24 ಬಗೆ. ನಮ್ಮನ್ನು ಸೋಲಿಸುವುದು ಎರಡು ಒಂಬತ್ತು 3 ಬಗೆ, ಎರಡು ರಾಜ 1 ಬಗೆ, ರಾಜ-ಒಂಬತ್ತು 6 ಬಗೆ. ರಾಜನ ಜೊತೆ ಎರಡೋ ಏಳೋ ಹಿಡಿದು ಇಲ್ಲಿಯವರೆಗೆ ಬಂದ ಮಹಾನುಭಾವರನ್ನು ಬಿಡೋಣ. ವಿರಾಜಪೇಟೆಯವನು ಮುಕ್ಕಾಲು ಪಾಟ್ ಎನ್ನುತ್ತಾನೆ. ನಾಪೋಕ್ಲು ಗೆಳೆಯ ಈಗಲೂ ಅರ್ಧವೇ. ನಾನು 24ಕ್ಕೆ 10 ಎಂಬ ಲೆಕ್ಕ ಹಿಡಿದು ಪಾಟ್‌ನ ಒಂದೂವರೆ ಪಟ್ಟು ಎನ್ನುತ್ತೇನೆ. ನೀವು ಎಷ್ಟು ಹಾಕುತ್ತೀರಿ, ಯಾಕೆ, ಕೆಳಗೆ ಬರೆಯಿರಿ. ‘ಚೆಕ್ ಮಾಡಿ (ಬೆಟ್ ಹಾಕದೆ ಸುಮ್ಮನಿದ್ದು) ಬಲೆ ಬೀಸುತ್ತೇನೆ’ ಎನ್ನುವವರು ಎದುರಾಳಿಯೂ ಚೆಕ್ ಮಾಡಿದರೆ ಏನು ಗತಿ ಎಂಬುದನ್ನೂ ಸೇರಿಸಿ ಬರೆಯಿರಿ.