ಪುನರ್ವಸು ಮೇಲೆ ಎಫ್‌ಐಆರ್

ಘಟ್ಟದಲ್ಲಿ ಗುಡ್ಡ ಜರಿದರೆ ಆರೋಪಿಯನ್ನು ಹುಡುಕಲು ಪೊಲೀಸರೇ ಬೇಡ, ಪಂಚಾಂಗ ಸಾಕು. 2018ರ ಆಗಸ್ಟ್‌ನಲ್ಲಿ ಕೊಡಗು ಕುಸಿದಾಗ ಸಿಕ್ಕಿಬಿದ್ದದ್ದು ಆಶ್ಲೇಷ, ಮಘೆ ಮಳೆ ನಕ್ಷತ್ರಗಳು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದಾಗ ಪುನರ್ವಸು. ಅದೇ ತಿಂಗಳ 30ರಂದು ವಯನಾಡಿನಲ್ಲಿ ಪುಷ್ಯ. ಈಚೆಗೆ ಈ ಗ್ಯಾಂಗಿಗೊಬ್ಬ ಲೀಡರ್ ಕೂಡ ಪತ್ತೆಯಾಗಿದ್ದಾನೆ: ಹವಾಮಾನ ಬದಲಾವಣೆ. ಬಹಳ ಅನುಕೂಲದ ಆಸಾಮಿ. ನೋಟಿಸು ಅಂಟಿಸಲು ಅವನಿಗೆ ಮನೆ ಬಾಗಿಲಿಲ್ಲ, ಅವನ ಪರ ಫೋನ್ ಮಾಡುವ ಶಾಸಕರೂ ಇಲ್ಲ.

ಮಳೆ ಸಾಚಾ ಎಂದು ನಾನು ವಕಾಲತ್ತು ಹಾಕುತ್ತಿಲ್ಲ. ವಯನಾಡಿನ ಆ ದಿನದ ಮಳೆ ಭೂಮಿ ಬಿಸಿಯಾದ ಕಾರಣಕ್ಕೆ ಶೇ 10ರಷ್ಟು ಹೆಚ್ಚು ಸುರಿಯಿತು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ನಮ್ಮವರು ಆ ಹತ್ತನ್ನೇ ಹಿಡಿದು ನೂರಕ್ಕೆ ನೂರು ಅಂಕ ಕೊಟ್ಟರು. ಸುರಿದ ನೀರು ಎಲ್ಲಿಗೆ ಹೋಗಬೇಕಿತ್ತು ಎಂಬುದು ಸಿಲಬಸ್‌ನಲ್ಲಿರಲಿಲ್ಲ. ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಕಡಿದ ಮಣ್ಣನ್ನು ಹಳ್ಳಕ್ಕೆ ಸುರಿದರೆ ನೀರಿಗೆ ದಾರಿ ತಪ್ಪುತ್ತದೆ. ಬೇರು ಕಿತ್ತಲ್ಲಿ ಮಣ್ಣನ್ನು ಹಿಡಿದಿಡುವವರಿಲ್ಲ. ಶಿರೂರಿನಲ್ಲಿ ರಸ್ತೆ ಅಗಲ ಮಾಡಲು ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದಿದ್ದರು. ಆದರೂ ಕೇಸು ಪುನರ್ವಸು ಮೇಲೇ.

ಸರ್ಕಾರ ಸುಮ್ಮನೆ ಕೂತಿದೆ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಪಶ್ಚಿಮ ಘಟ್ಟವನ್ನು ಉಳಿಸುವುದು ಹೇಗೆಂದು ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಖಾರ ಜಾಸ್ತಿಯಾಯಿತೆಂದು ಕಸ್ತೂರಿರಂಗನ್ ಸಮಿತಿಯಿಂದ 2013ರಲ್ಲಿ ಸಪ್ಪೆ ಮಾಡಿಸಿದರು. ಅದೂ ಗಂಟಲಿಗಿಳಿಯಲಿಲ್ಲ. ಘಟ್ಟದ ಸೂಕ್ಷ್ಮ ಪ್ರದೇಶ ಗುರುತಿಸಲು 2014ರಿಂದ ಕೇಂದ್ರ ಕರಡು ಅಧಿಸೂಚನೆ ಹೊರಡಿಸುತ್ತಲೇ ಇದೆ: ಅರವತ್ತು ದಿನ ಆಕ್ಷೇಪಣೆ, ಆಮೇಲೆ ಅವಧಿ ಮುಗಿಯಿತು, ಆಮೇಲೆ ಇನ್ನೊಂದು ಕರಡು. ಆರನೆಯದು ಬಂದದ್ದು 2024ರ ಜುಲೈ 31ರಂದು, ವಯನಾಡಿನಲ್ಲಿ ಇನ್ನೂ ಹೆಣ ಹುಡುಕುತ್ತಿದ್ದಾಗ. ನಮ್ಮ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿದ್ದು ಸೆಪ್ಟೆಂಬರ್‌ನಲ್ಲಿ, ಶಿರೂರಿನಲ್ಲಿ ಕೊಚ್ಚಿಹೋದ ಲಾರಿಯನ್ನು ಗಂಗಾವಳಿ ನದಿಯ ತಳದಿಂದ ಎತ್ತಿದ ವಾರವೇ.

ತೋಟ ಹೋದೀತು, ಮನೆ ರಿಪೇರಿಗೂ ಪರ್ಮಿಷನ್ ಕೇಳಬೇಕಾದೀತು ಎಂದು ಸಣ್ಣ ಬೆಳೆಗಾರ ಹೆದರಿದರೆ ಅವನನ್ನು ನೋಡಿ ನಗಲಾರೆ. ಅರಣ್ಯ ಇಲಾಖೆಯ ಜೊತೆ ಏಗಿದವನು ಅವನು. ತಮಾಷೆ ಏನೆಂದರೆ, ಗ್ರಾಮಸಭೆಯನ್ನು ಕೇಳಿಯೇ ತೀರ್ಮಾನಿಸಿ ಎಂದು ಹೇಳಿದ್ದೇ ಗಾಡ್ಗೀಳರು. ಅದನ್ನು ಹಳ್ಳಿಗೆ ತಿಳಿಸಬೇಕಾದವರು ಮೈಕ್ ಹಿಡಿದು ಹೇಳಿದ್ದು ಒಕ್ಕಲೆಬ್ಬಿಸುವ ಕಥೆ. ಆ ಬೆಳೆಗಾರನ ಬೆನ್ನ ಹಿಂದೆ ಅವಿತು ಕೂತವರು ಕ್ವಾರಿಯವರು, ರೆಸಾರ್ಟಿನವರು.

ಮಡಿಕೇರಿಯಲ್ಲಂತೂ ಜಿಲ್ಲಾಧಿಕಾರಿ ಕಚೇರಿಯ ಗುಡ್ಡ ಜರಿಯದಂತೆ ಕಟ್ಟಿದ ತಡೆಗೋಡೆಯೇ 2022ರ ಮಳೆಗೆ ಹೊಟ್ಟೆ ಮುಂದೆ ಹಾಕಿ ನಿಂತಿತು. ಮರಳಿನ ಚೀಲ ಆನಿಸಿ, ಕೆಳಗಿನ ಮಂಗಳೂರು ರಸ್ತೆ ಬಂದ್ ಮಾಡಿದರು. ವಿಪತ್ತು ನಿರ್ವಹಣೆಗೆ ಆಫೀಸಿನಿಂದ ಕೆಳಗಿಳಿಯಬೇಕಾದ ಅಗತ್ಯವೇ ಬೀಳಲಿಲ್ಲ.

ಈಗ ಘಟ್ಟದಲ್ಲಿ ಯಾವ ತಿರುವಿಗೆ ಹೋದರೂ ಒಂದು ಹಿಟಾಚಿ ಧರೆ ಕಡಿಯುತ್ತಿರುತ್ತದೆ. ಮೇಲೆ ಬುಡ ಸಡಿಲವಾದ ಹಲಸು, ಕೆಳಗೆ ಕೆಂಪು ಮಣ್ಣಿನ ರಾಶಿ, ನಡುವೆ ಸ್ವಿಮ್ಮಿಂಗ್ ಪೂಲಿಗೆ ಹೊಂಡ.

“ಮಳೆಗಾಲದಲ್ಲಿ ಜರಿಯೋದಿಲ್ವಾ ಮಾರಾಯ್ರೇ?” ಎಂದು ಕೇಳಿ ನೋಡಿ.

“ಮಳೆಗಾಲಕ್ಕೆ ಬುಕಿಂಗ್ ಫುಲ್ಲಾಗಿದೆ. ನಿಮಗೆ ಬೇಕಿದ್ರೆ ಈಗಲೇ ಅಡ್ವಾನ್ಸ್ ಹಾಕಿಬಿಡಿ.”